ಎಳಿ ಎಳಿ ಕಾಣಬೇಕಂದ್ರಲ್ಲ

ಇಳಕಲ್ಲದಾಗ ನಂದೊಂದು ಫೋಟೋ ಸ್ಟುಡಿಯೋ ಐತಿ. ಮದಿವಿ ಫೋಟೋ ತೆಗಿಯಾಂವ ನಗಿ ಹುಡುಕ್ಕೊಂಡು ಹೋಗೂದು ಬ್ಯಾಡ, ಅದ ಕ್ಯಾಮೆರಾ ಬೆನ್ನು ಹತ್ತಿ ಬರ್ತೈತಿ.

೧. ಭಂಡಾರ

ಕೆರೂರ ಕಡೆ ಬೀರಪ್ಪ ದೇವರ ಒಕ್ಕಲದವರ ಮನಿ ಕಾರ್ಯ. ಭಂಡಾರದ ಅರಿಷಿಣ ಪುಡಿ ಹಾರಿಸಿದ ಮ್ಯಾಲ ಎಲ್ಲಾರ ಮಾರಿನೂ ಹಳದಿ. ನಾ ಆಗಷ್ಟ ಎಡಿಟಿಂಗ್ ಕಲತಿದ್ದೆ, ಕೈ ಸುಮ್ನ ಇರತೈತೇನು? ಹಳದಿ ಭಾಳ ಆತಂತ ಜೆಪೆಗ್ ಫೈಲಿನ್ಯಾಗ ಅದನ್ನ ಇಳಿಸಿದೆ, ಇನ್ನಷ್ಟು ಇಳಿಸಿದೆ. ಮಂದಿ ಮಾರಿ ಬೂದಿ ಬಣ್ಣಕ್ಕ ತಿರುಗಿ ಅಲ್ಲಲ್ಲಿ ತೇಪಿ ಹಚ್ಚಿದಂಗ ಆತು. ಮನಿ ಹಿರಿಯಾ ಒಂದೊಂದ ಫೋಟೋ ನೋಡಿ ಸಮಾಧಾನದಿಂದ ಕೇಳಿದ:

"ತಮ್ಮಾ, ನಾವು ಭಂಡಾರ ಹಚಗೊಂಡಿದ್ವಿ. ನೀ ಯಾಕ ವಿಭೂತಿ ಬಳದಿ?"

೨. ಕಂಬದ ಹಿಂದ

ಅವತ್ತಿಂದ ರಾ ಫೈಲ್ ಹಿಡದೆ. ಕ್ಯಾಮೆರಾ ಕಂಡದ್ದೆಲ್ಲಾ ಹಂಗ ಅದರಾಗ ಇರ್ತೈತಿ. ಕ್ಯಾಮೆರಾನ ತಯಾರು ಮಾಡಿ ಕೊಡೂ ಜೆಪೆಗ್ ಅಂದ್ರ ಸುಟ್ಟ ರೊಟ್ಟಿ, ರಾ ಅಂದ್ರ ಹಿಟ್ಟು. ಹೆಂಗ ಬೇಕಾದ್ರೂ ಬಡಿ.

ಬಾದಾಮಿ ಗುಹೆಯೊಳಗ, ಮದಿವಿ ಗೊತ್ತಾದ ಜೋಡಿ ಫೋಟೋ ತಗದಿದ್ದೆ. ಜತಿಗೆ ಬಂದಿದ್ದ ಹುಡುಗಿ ಸೋದರತ್ತಿ, ಕೆಳಗ ಬಸ್‌ಸ್ಟ್ಯಾಂಡಿನ್ಯಾಗ ಕುಂದರ್ತೇನಿ ಅಂತ ಹೋಗಿದ್ಲು. ಜೆಪೆಗ್‌ನ್ಯಾಗ ಜೋಡಿ ಹಿಂದ ಬರೇ ಕತ್ತಲಿ. ಸ್ಟುಡಿಯೋದಾಗ ಅತ್ತಿನೂ ಸೇರಿಸಿ ಎಲ್ಲಾರನೂ ಕುಂದರಿಸಿ, ನೋಡ್ರಿ ರಾ ಫೈಲಿನ ಕಮಾಲ್ ಅಂತ ಆ ಕತ್ತಲಿ ತಿಳಿ ಮಾಡಿದೆ. ಕಂಬದ ಹಿಂದ ಕಣ್ಣು ಪಿಳಿ ಪಿಳಿ ಬಿಡಕೋತ ಅತ್ತಿ ನಿಂತಾಳ. ಹುಡುಗಿ ನಾಚಿ ತಲಿ ಬಗ್ಗಿಸಿದ್ಲು. ಅತ್ತಿ ಮಾತ್ರ ಜಗ್ಗಲಿಲ್ಲ:

"ಹೆಂಗೂ ಕಂಡೇನಲ್ಲ, ನನ್ನ ಮಾರಿನೂ ಒಂಚೂರು ಬೆಳ್ಳಗ ಮಾಡು."

೩. ಮಗಳ ಸೀರಿ

ನಮ್ಮ ಓಣಿ ನೇಕಾರ ಕಾಕಾ ಮಗಳ ಮದಿವಿ ಸೀರಿ ತಾವ ಕೈಮಗ್ಗದಾಗ ನೇಯ್ದಿದ್ರು. ಒಂದು ಎಳಿ ತಪ್ಪಿದ್ರ ಮಗ್ಗ ಮುಟ್ಟೂದ ಬಿಡ್ತೇನಿ ಅಂತ ಬೀಗರ ಮುಂದ ಮೀಸಿ ತಿರುವಿದ್ರು. ಬೀಗರೂ ನೇಕಾರರ.

ಫೋಟೋ ಜೆಪೆಗ್‌ನ್ಯಾಗ ತೋರಿಸಿದ್ರ ಕಾಕಾಗ ಸಿಟ್ಟು ನೆತ್ತಿಗೇರ್ತು. ಸೆರಗಿನ ಕೆಂಪೆಲ್ಲಾ ಒಂದಾಗಿ, ನೇಯ್ಗಿನ ಕಾಣವಲ್ದು. ಇದೇನು ಸೀರಿಯೋ ಕುಂಕುಮದ ಮುದ್ದಿಯೋ ಅಂದ್ರು. ಎಳಿ ಎಳಿ ಕಾಣದಿದ್ರ ಆಲ್ಬಮ್ ನೀನ ಇಟಗೋ ಅಂದ್ರು.

ಪುಣ್ಯಾಕ್ಕ ರಾ ಫೈಲೂ ಇತ್ತು. ಅದರಾಗ ಕೆಂಪು ಇಳಿಸಿದ್ನೋ ಇಲ್ಲೋ, ಎಳಿ ಎಳಿ ಎದ್ದು ಬಂತು. ಖುಷಿಗೆ ಕುಂದರಾಕ ಆಗಲಿಲ್ಲ, ಲ್ಯಾಪ್‌ಟಾಪ್ ಅವಚಿಕೊಂಡು ಅವರ ಮನಿಗೆ ಓಡಿದೆ. ಕಾಕಾ ಎದಿ ಉಬ್ಬಿಸಿ ಕಾಕುನೂ ಕರದ್ರು. ಆಕಿ ಚಾಳೀಸ ಹಾಕ್ಕೊಂಡು, ಸೆರಗು ದೊಡ್ಡದು ಮಾಡಿಸಿ, ಒಂದು ಮೂಲಿಗೆ ಬೆರಳಿಟ್ಲು.

"ಇಲ್ಲಿ ಎಳಿ ತಪ್ಪೇತಲ್ರಿ."

ಕಾಕಾ ಬಗ್ಗಿ ನೋಡಿದ್ರು. ಬೀಗರು ಆಲ್ಬಮ್ ನೋಡಾಕ ಬರಾವ್ರಿದ್ರು. ಕಾಕು ಚಾ ಮಾಡಾಕ ಒಳಗ ಹೋದದ್ದ ತಡ, ನನ್ನ ಹೆಗಲ ಮ್ಯಾಲ ಕೈ ಹಾಕಿ ಮೆಲ್ಲಕ ಅಂದ್ರು:

"ತಮ್ಮಾ, ಆ ಕುಂಕುಮದ ಮುದ್ದಿ ಭಾಳ ಚಂದ ಬಂದಿತ್ತು ನೋಡು. ಅದನ್ನ ಹಾಕು."