ಹದಿನಾಲ್ಕನೇ ಕೋಣೆಗೆ ಸಹಾಯ ಬೇಕಾಗಿದೆ

ಆಪರೇಟರ್ ತಾನು ಬರೆದ ಹದಿನೇಳು ಸಾಲಿನ ಸ್ಕ್ರಿಪ್ಟನ್ನು ಹೆತ್ತ ಮಗನಂತೆ ನಂಬಿದ್ದ. ಕಚೇರಿಯ ಚಾಟ್‌ನಲ್ಲಿ ಯಾರು ತೊಂದರೆಯೆಂದು ಒಂದು ಸಾಲು ಬರೆದರೂ, ಅದು ಆ ಸಾಲನ್ನು ರೆಜೆಕ್ಸ್ ಎಂಬ ಜರಡಿಯಲ್ಲಿ ಸೋಸಿ, ಸಿಕ್ಕ ಕೋಣೆಯ ಸಂಖ್ಯೆಯನ್ನಷ್ಟೇ ಎಲ್ಲರಿಗೂ ಸಾರುತ್ತಿತ್ತು. ಮೂಲ ಸಾಲು ಅವನ ಕಂಪ್ಯೂಟರಿನಲ್ಲಷ್ಟೇ ಉಳಿಯುತ್ತಿತ್ತು. ಅವನ ಮೂರು ವರ್ಷದ ಹಂಗಾಮಿ ಕೆಲಸ ಇವತ್ತು ಕಾಯಂ ಆಗಬೇಕು. ನಿನ್ನೆ ಬಂದ ಹೊಸ ಸಾಹೇಬರ ಸಹಿಯೊಂದು ಬಾಕಿ. ಸಾಹೇಬರೋ ಬೆಳಿಗ್ಗೆಯಿಂದ ಪತ್ತೆಯಿಲ್ಲ.

ಹನ್ನೊಂದಕ್ಕೆ ಪರದೆಗಳ ಮೇಲೆ ಮೂಡಿತು: 'ಹದಿನಾಲ್ಕನೇ ಕೋಣೆಗೆ ಸಹಾಯ ಬೇಕಾಗಿದೆ.'

ಎಲ್ಲರ ಬೆರಳೂ ನಿಂತಲ್ಲೇ ನಿಂತವು. ಅದು ದಾಖಲೆ ಕೋಣೆ. ದಾಖಲೆ ನೋಡಿಕೊಳ್ಳುತ್ತಿದ್ದ, ಎಲ್ಲರೂ ಅಮ್ಮ ಎನ್ನುತ್ತಿದ್ದ ಹಿರಿಯಾಕೆ ಹೋದ ವರ್ಷ ಅಲ್ಲಿ ಕುರ್ಚಿಯಲ್ಲೇ ತೀರಿಕೊಂಡ ಮೇಲೆ ಯಾರೂ ಆ ಕಡೆ ತಲೆ ಹಾಕಿರಲಿಲ್ಲ.

ಟೈಪಿಸ್ಟಕ್ಕ 'ಪ್ರಿಂಟರ್ ಕೆಟ್ಟಿದೆ' ಎಂದು ಬರೆದಳು. ಉತ್ತರ: ಹದಿನಾಲ್ಕನೇ ಕೋಣೆ. ಗುಮಾಸ್ತರು 'ಫ್ಯಾನ್ ತಿರುಗ್ತಿಲ್ಲ' ಎಂದರು. ಮತ್ತೆ ಹದಿನಾಲ್ಕು.

"ಅಮ್ಮ ಕರೀತಿದ್ದಾರೆ ಕಣಪ್ಪಾ." ಗುಮಾಸ್ತರ ದನಿ ಒದ್ದೆ ಬತ್ತಿಯಂತೆ ಚಟಪಟಿಸಿತು. "ಬದುಕಿದ್ದಾಗ್ಲೂ ಹಾಗೇ, ಒಂದೇ ಮಾತು ಹತ್ತು ಸಲ."

"ಒಳಗಿಂದ ಬಾಗ್ಲು ಬಡಿದಂಗಾಯ್ತು. ಪೊರಕೆ ಅಲ್ಲೇ ಬಿಟ್ಟು ಓಡಿ ಬಂದೆ" ಎಂದಳು ಕಸ ಗುಡಿಸುವಾಕೆ.

"ಸ್ಕ್ರಿಪ್ಟ್ ಬರೆದೋನು ನೀನು. ನೀನೇ ಹೋಗಿ ನೋಡು" ಎಂದಳು ಟೈಪಿಸ್ಟಕ್ಕ.

ಆಪರೇಟರ್ ಹೋಗುವ ಬದಲು ಸ್ಕ್ರಿಪ್ಟ್ ತೆರೆದು ಕೂತ. ನಾಲ್ಕು ಗಂಟೆಗೆ ಕುರ್ಚಿಯಿಂದ ಜಿಗಿದ.

"ದೆವ್ವಾನೂ ಇಲ್ಲ, ಗಿವ್ವಾನೂ ಇಲ್ಲ! ಸಾಲಲ್ಲಿ ಸಂಖ್ಯೆ ಸಿಗ್ದಿದ್ರೆ ಇದು ಹಿಂದೆ ಸಿಕ್ಕಿದ್ದನ್ನೇ ಎತ್ತಿ ಕೊಡ್ತಿದೆ. ಸಿಕ್ತಾ ಇಲ್ವಾ ಅಂತ ಮೊದ್ಲು ನೋಡ್ಬೇಕಿತ್ತು, ನಾನು ನೋಡ್ಸಿಲ್ಲ. ಅಷ್ಟೇ!"

"ಸರಿ ಮಹಾರಾಯ. ಮೊದಲನೇ ಸಲ ಹದಿನಾಲ್ಕು ಎಲ್ಲಿಂದ ಸಿಕ್ತು?" ಎಂದಳು ಟೈಪಿಸ್ಟಕ್ಕ.

ಅವನು ಹಳೆಯ ಸಾಲುಗಳನ್ನು ಹುಡುಕಿದ. ಹನ್ನೊಂದು ಗಂಟೆಯ ಸಾಲು: 'ಹೊಸ ಸಾಹೇಬರು 14ರಲ್ಲಿ ಸಿಕ್ಕಿಕೊಂಡಿದ್ದಾರೆ. ಬೇಗ ಬನ್ನಿ.'

ಎಲ್ಲರೂ ಬಿದ್ದೆವೋ ಎದ್ದೆವೋ ಎಂದು ಓಡಿದರು. ಬಾಗಿಲಿನ ಹೊರ ಚಿಲಕ ಬಿದ್ದಿತ್ತು. ಒಳಗೆ ಸಾಹೇಬರು ಬೆವರಿ ತೊಪ್ಪೆಯಾಗಿ ಕೂತಿದ್ದರು, ಪಕ್ಕದಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಖಾಲಿ ಕುರ್ಚಿ.

"ಹೊರಗೆ ಎಲ್ರೂ ಸತ್ತು ಹೋಗಿದ್ರೇನ್ರೀ?"

"ತಪ್ಪಾಯ್ತು ಸಾರ್. ನೀವು ಬರೆದಿದ್ದು ಈಗ ನೋಡ್ದೆ" ಎಂದ ಆಪರೇಟರ್.

"ನಾನೆಲ್ಲಿ ಬರೆದೆ? ನನಗೆ ಟೈಪಿಂಗ್ ಬರಲ್ಲ. ಆ ದಾಖಲೆ ಅಮ್ಮ ಬರೆದ್ರು. ಈಗ ತಾನೇ ಎದ್ದು ಹೋದ್ರಲ್ಲ, ದಾರೀಲಿ ಸಿಗ್ಲಿಲ್ವಾ?"

ಗುಮಾಸ್ತರು ಗೋಡೆ ಹಿಡಿದುಕೊಂಡರು. ಸಾಹೇಬರು ಆಪರೇಟರನತ್ತ ಕಾಗದ ಚಾಚಿದರು.

"ತಗೊಳ್ಳಿ, ಸಹಿ ಹಾಕಿದ್ದೀನಿ. ಕೆಲಸ ಕಾಯಂ. ಪಾಪ, ಅವರೊಬ್ರೇ ಎಷ್ಟೂಂತ ಮಾಡ್ತಾರೆ? ನೀವೇ ಬೇಕು ಅಂತ ಕೇಳಿದ್ರು. ನಾಳೆಯಿಂದ ಅವರ ಪಕ್ಕದ ಕುರ್ಚಿ ನಿಮ್ದು."