ಗುಡ್ಡ ಓಡುವ ಅತ್ತೆಯವರು

ಓಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕುತೂಹಲ. ಬಸ್ಸಿಗಾಗಿ ಓಡುವವರು ಅರ್ಥವಾಗುತ್ತಾರೆ. ನಾಯಿ ಬೆನ್ನುಹತ್ತಿದವರು ಇನ್ನೂ ಚೆನ್ನಾಗಿ ಅರ್ಥವಾಗುತ್ತಾರೆ. ಮುಂದೆ ಬಸ್ಸಿಲ್ಲದೆ, ಹಿಂದೆ ನಾಯಿಯಿಲ್ಲದೆ ಓಡುವವರೇ ಒಗಟು. ನಾನಂತೂ ಜಮಖಂಡಿಯಲ್ಲೇ ಹುಟ್ಟಿ, ಅಲ್ಲಿಯದೇ ಕಚೇರಿಯೊಂದರ ಕುರ್ಚಿಯಲ್ಲಿ ಕೂತು ದಪ್ಪಗಾದವನು. ಮನೆಯ ಹಿಂದಿನ ಗುಡ್ಡವನ್ನು ಕಿಟಕಿಯಿಂದ ನೋಡಿಯೇ ತೃಪ್ತಿಪಟ್ಟವನು. ಹೀಗಿರುವಾಗ ಒಂದು ಬೇಸಿಗೆಯಲ್ಲಿ ಆ ಒಗಟು ನಮ್ಮ ಮನೆಗೇ ಬಂದಿಳಿಯಿತು, ಬನಹಟ್ಟಿಯಿಂದ, ನನ್ನ ಅತ್ತೆಯವರ ರೂಪದಲ್ಲಿ.

ಅತ್ತೆಯವರದು ನೇಕಾರರ ಮನೆ. ಮಗ, ನೆಲದಲ್ಲಿ ಕುಣಿ ತೋಡಿ ಕೂರಿಸಿದ ಹಳೆಯ ಕುಣಿಮಗ್ಗ ಮುಚ್ಚಿ ಪಾವರ್‌ಲೂಮ್ ಹಾಕಿದ ಮೇಲೆ ಅವರಿಗೆ ಕೆಲಸವಿಲ್ಲದಾಗಿತ್ತು. ಬಂದ ಕೆಲವೇ ದಿನಕ್ಕೆ, ಬೆಳಕು ಹರಿಯುವ ಹೊತ್ತಿಗೆ, ಇಳಕಲ್ ಸೀರೆಗೆ ಕಚ್ಚೆ ಬಿಗಿದು, ನನ್ನ ಮಗನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಗುಡ್ಡದ ಕಾಲುದಾರಿಯಲ್ಲಿ ಓಡತೊಡಗಿದರು. ನನಗೆ ಇದು ತಿಳಿದದ್ದೇ ಎದುರುಮನೆಯ ಗಂಗಪ್ಪನವರಿಂದ. ಅವರು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಮನೆಯಲ್ಲಿ ಏನಾದರೂ ಮಾತು ಬಂತೇ ಎಂದು ಕೇಳಿದರು. ಅಳಿಯನ ಕಾಟ ತಡೆಯದೆ ಅತ್ತೆ ದಿನಾ ಓಡಿಹೋಗುತ್ತಾರೆ, ಹಸಿವಾದಾಗ ತಿರುಗಿ ಬರುತ್ತಾರೆ ಎಂದು ಓಣಿ ಆಗಲೇ ತೀರ್ಮಾನಿಸಿತ್ತು.

ಹೆಂಡತಿ ಸಾವಿತ್ರಿಯ ಚಿಂತೆ ಬೇರೆ. ಈ ವಯಸ್ಸಿನಲ್ಲಿ ಬಿದ್ದು ಕಾಲು ಮುರಿದುಕೊಂಡರೆ ಅಣ್ಣನಿಗೆ ಏನು ಉತ್ತರ ಕೊಡುವುದು? ತಾನು ಹೇಳಿದರೆ ಕೇಳುವುದಿಲ್ಲ, ಅಳಿಯನ ಮಾತು ಮೀರುವುದಿಲ್ಲ ಎಂದು ಹೇಳಿ ಮರುದಿನ ಬೆಳಗ್ಗೆ ನನ್ನನ್ನೇ ಎಬ್ಬಿಸಿ ಅಟ್ಟಿದಳು. ಇಲ್ಲಿಯವರೆಗೆ ಊರವರು ಓಡುವ ಅತ್ತೆಯನ್ನಷ್ಟೇ ಕಂಡಿದ್ದರು. ಈಗ ಬೆನ್ನಟ್ಟುವ ಅಳಿಯನನ್ನೂ ಕಂಡರು. ಗಂಗಪ್ಪನವರು ಕಟ್ಟೆಯಿಂದ ಎದ್ದೇ ನಿಂತರು.

ಅರ್ಧ ಗುಡ್ಡಕ್ಕೇ ನನ್ನ ಎದೆ ತಿದಿಯಾಯಿತು. ಒಂದು ಬಂಡೆಯ ಮೇಲೆ ಕುಸಿದೆ. ಅತ್ತೆಯವರು ನನ್ನನ್ನು ಕಂಡು ಇಳಿದು ಬಂದು ಪಕ್ಕದಲ್ಲಿ ಕೂತರು. ಬೆವರಿನಲ್ಲಿ ಅವರ ಮುಖ ಹೊಳೆಯುತ್ತಿತ್ತು. ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡದ್ದೆಲ್ಲ ಮರೆತು, ಯಾಕೆ ಓಡುತ್ತೀರಿ ಎಂದಷ್ಟೇ ಕೇಳಿದೆ. ಅವರು ತಮ್ಮ ಕಾಲು ನೋಡಿಕೊಂಡರು.

"ಲಗ್ನ ಆಗಿ ಬಂದಾಗಿಂದ ಈ ಕಾಲು ಕುಣ್ಯಾಗ ಇಳಿಬಿಟ್ಟು ಕುಂತೇನ್ರಿ, ಅಳಿಯಾರ. ಮಗ್ಗ ತುಳದೇನಿ, ತುಳದೇನಿ, ಒಂದು ಹೆಜ್ಜಿ ಮುಂದ ಹೋಗಲಿಲ್ಲ. ಈಗ ಎಲ್ಲಿತನಾ ಹೋಗ್ತಾವು ನೋಡೂಣು ಅಂತ."

ನಾನು ಬಂಡೆಯಿಂದ ಎದ್ದೆ. ಉಳಿದ ಗುಡ್ಡವನ್ನು ಅವರ ಹಿಂದೆ ಏದುಸಿರುಬಿಡುತ್ತ ಹತ್ತಿದೆ. ತುದಿಯಲ್ಲಿ ತಣ್ಣನೆಯ ಗಾಳಿ. ಕೆಳಗೆ ನಮ್ಮೂರಿನ ಮಾಳಿಗೆಗಳು. ದೂರದಲ್ಲಿ ಕೃಷ್ಣೆಯೋ ಮಂಜೋ ತಿಳಿಯದ ಒಂದು ಬೆಳ್ಳಗಿನ ಗೆರೆ. ಕಿಟಕಿಯಿಂದ ಇಷ್ಟು ವರ್ಷ ನಾನು ನೋಡಿದ್ದು ಗುಡ್ಡದ ಬೆನ್ನು ಮಾತ್ರ ಎನಿಸಿತು.

ಕರೆತರಲು ಹೋದವನು ಅತ್ತೆಯ ಪಕ್ಷ ಸೇರಿ ಬಂದದ್ದಕ್ಕೆ ಸಾವಿತ್ರಿ ಮಾತು ಬಿಟ್ಟಳು. ಆದರೆ ಮೇ ತಿಂಗಳ ಸೆಕೆ ಯಾರ ಮುನಿಸನ್ನೂ ಲೆಕ್ಕಿಸುವುದಿಲ್ಲ. ಮಾಳಿಗೆಯ ಮೇಲೂ ಮಲಗಲಾಗದೆ ಒದ್ದಾಡುತ್ತಿದ್ದಾಗ, ಗುಡ್ಡದ ಮೇಲೆ ಗಾಳಿ ಇದೆ, ಅಲ್ಲೇ ಮಲಗೋಣ ಎಂದು ಅತ್ತೆಯವರು ಸೂಚಿಸಿದರು. ಮಕ್ಕಳು ಸೋದರಮಾವನ ಮನೆಗೆ ಹೋಗಿದ್ದರು. ತಾಯಿಯ ಮೇಲೆ ಕಣ್ಣಿಡಬೇಕೆಂಬ ನೆಪದಲ್ಲಿ ಸಾವಿತ್ರಿಯೂ ಹೊರಟಳು. ಸಂಜೆ ಜಮಖಾನೆ, ದಿಂಬು, ನೀರಿನ ಕೊಡ, ಒಣಗಿದ ಕಟಕಟಿ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಹೊತ್ತು ಹತ್ತಿದೆವು. ಹಗಲಿನ ಬಿಸಿಲುಂಡ ಬಂಡೆ ಬೆನ್ನಿಗೆ ಬೆಚ್ಚಗೆ, ಗಾಳಿ ಮುಖಕ್ಕೆ ತಂಪು. ತಾಯಿ ಮಗಳು ಅಂಗಾತ ಮಲಗಿ, ಬನಹಟ್ಟಿಯ ಯಾವುದೋ ಹಳೆಯ ಜಗಳ ನೆನೆದು ನಗುತ್ತಿದ್ದರು. ನನ್ನ ಹೆಂಡತಿ ಹಾಗೆ ನಗುತ್ತಾಳೆಂಬುದು ನನಗೆ ಹೊಸ ಸುದ್ದಿ. ಆ ಜಗಳವೇನೆಂದು ಕೇಳಬೇಕೆನ್ನುವಷ್ಟರಲ್ಲಿ ನಿದ್ದೆ ಬಂತು.

ಬೆಳಗ್ಗೆ ಎದ್ದರೆ ಇಬ್ಬರೂ ಇಲ್ಲ. ಗಾಬರಿಯಿಂದ ಅಂಚಿಗೆ ಹೋಗಿ ನೋಡಿದೆ. ಕೆಳಗಿನ ದಾರಿಯಲ್ಲಿ ಅತ್ತೆಯವರು ಓಡುತ್ತಿದ್ದರು. ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾವಿತ್ರಿ. ತಡೆಯಲು ಹೊರಟಿದ್ದಾಳೆ ಎಂದುಕೊಂಡೆ.

"ಯವ್ವಾ, ದಾರಿ ಬಿಡ ಬೇ," ಎಂದು ಕೂಗುತ್ತ ಅವಳು ತಾಯಿಯನ್ನು ದಾಟಿಯೇ ಹೋದಳು.

ಇಬ್ಬರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ನಾನು ಸುತ್ತ ನೋಡಿದೆ: ಜಮಖಾನೆ, ಮೂರು ದಿಂಬು, ಖಾಲಿ ಕೊಡ, ರೊಟ್ಟಿಯ ಗಂಟು. ನಮ್ಮ ಮನೆಯಲ್ಲಿ ಗುಡ್ಡ ಓಡುವವರು ಇಬ್ಬರಿದ್ದಾರೆ ಎಂದು ಈಗ ಹೆಮ್ಮೆಯಿಂದಲೇ ಹೇಳುತ್ತೇನೆ. ನಿಮ್ಮದೇನು ಪಾತ್ರ ಎಂದು ಯಾರಾದರೂ ಕೇಳಿದರೆ ಮಾತ್ರ, ಹಾಸಿಗೆಯ ವ್ಯವಸ್ಥೆ ನನ್ನದು ಎಂದು ಮಾತು ಬದಲಿಸುತ್ತೇನೆ.