ಗೊಡ್ಡು ಎಂದವರಿಗೆ ಒಂದು ಬುಟ್ಟಿ ಸಗಣಿ

ನಮ್ಮ ಕಾಕಾನಿಗೆ ತಲೆ ಸರಿಯಿಲ್ಲ ಎಂದು ಕೊಂಕಲ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಮಾತ್ರ ಹಾಗೆನ್ನುವುದಿಲ್ಲ. ತಲೆ ಸರಿಯಾಗೇ ಇದೆ, ಅದರೊಳಗೆ ಒಂದು ಆಕಳನ್ನು ಕಟ್ಟಿಕೊಂಡಿದ್ದಾನೆ, ಅಷ್ಟೇ!

ಜೀವಮಾನವೆಲ್ಲ ಊರೂರಿಗೆ ಟಪಾಲು ಹಂಚಿ ನಿವೃತ್ತನಾದವನು. ಮಕ್ಕಳಿಲ್ಲ. ಮನೆಯಲ್ಲಿ ಅವನು, ಅವನ ಹೆಂಡತಿ ಚಿಗವ್ವ, ಮತ್ತೆ ಕೆಂದಿ ಎಂಬ ಆಕಳು. ಆ ಅಂಗಳದಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಒಂದು ಕಾನೂನಿದೆ: ಯಾವ ದನಕ್ಕೂ ‘ಗೊಡ್ಡು’ ಎನ್ನುವಂತಿಲ್ಲ. ಅಂದವರು ಒಂದು ಬುಟ್ಟಿ ಸಗಣಿ ಹೊತ್ತು ತಿಪ್ಪೆಗೆ ಹಾಕಿ ಬರಬೇಕು. ಯಾಕೆಂದು ಯಾರೂ ಕೇಳಿದವರಲ್ಲ. ಹುಚ್ಚನ ಹತ್ತಿರ ಕಾರಣ ಕೇಳುತ್ತಾರೆಯೇ?

ಕೆಂದಿಯ ವಾರಿಗೆಯ ಕಡಸುಗಳೆಲ್ಲ ಈದು ಹಾಲು ಕೊಡುತ್ತಿದ್ದವು. ಇವಳು ಒಮ್ಮೆಯೂ ಬೆದೆಗೆ ಬರಲಿಲ್ಲ. ಕಾಕಾನ ಅಣ್ಣ, ಅಂದರೆ ನಮ್ಮಪ್ಪ, ಒಂದು ದಿನ ಬಾಯಿ ಬಿಟ್ಟ.

“ಈ ಗೊಡ್ಡಾಕಳ ಎಷ್ಟು ದಿನ ಮೇಸ್ತೀಯೋ? ಸಂತಿಗಿ ಹೊಡಿ!”

ಕಾಕಾ ಬುಟ್ಟಿ ತಂದು ಅಪ್ಪನ ಮುಂದಿಟ್ಟ. ಇಸ್ತ್ರಿ ಅಂಗಿ ತೊಟ್ಟ ಅಪ್ಪ ಸಗಣಿ ಹೊತ್ತು ನಡೆದದ್ದನ್ನು ನೋಡಲು ಇಡೀ ಓಣಿ ಬಾಗಿಲಿಗೆ ಬಂದಿತ್ತು!

ಆಮೇಲೆ ಶಹಾಪುರದಿಂದ ಪಶುವೈದ್ಯರು ಬಂದು ಪರೀಕ್ಷೆ ಮಾಡಿದರು. “ಗರ್ಭಕೋಶ ಛಲೋ ಅದರಿ. ಆದ್ರ ಮೆದುಳಿಂದ ಹಾರ್ಮೋನು ಸರಿಯಾಗಿ ಬರವಲ್ದು. ಅದು ಬಂದು ಹೇಳಿದ್ರನ ಅಂಡಾಶಯದಾಗ ತತ್ತಿ ಬೆಳೆದು ಹೊರಗ ಬೀಳ್ತದ.”

ಕಾಕಾನ ಮುಖ ಅರಳಿತು. “ಅಂದ್ರ ಟಪಾಲು ಮುಟ್ಟಿಲ್ಲ ಅನ್ರಿ! ಟಪಾಲು ಮುಟ್ಟಲಿಲ್ಲಂದ್ರ ಅದು ಮನಿಯವರ ತಪ್ಪೇನ್ರಿ?”

ಮೊದಲು ಒಂದು ಹಾರ್ಮೋನು ಸೂಜಿ, ಏಳು ದಿನಕ್ಕೆ ಎರಡನೆಯದು, ಮತ್ತೆರಡು ದಿನಕ್ಕೆ ಮೂರನೆಯದು, ಮರುದಿನ ಮುಂಜಾನೆ ಕೃತಕ ಗರ್ಭಧಾರಣೆ. ಹೊತ್ತು ತಪ್ಪಿದರೆ ನೀರಿನಲ್ಲಿ ಹೋಮ ಮಾಡಿದಂತೆ ಎಂದರು ಡಾಕ್ಟರು. ಆ ಮುಂಜಾನೆಯೇ ಶಹಾಪುರದಲ್ಲಿ ನನ್ನ ಮದುವೆ! ಕಾಕಾ ಮುಹೂರ್ತಕ್ಕೆ ಎರಡು ತಾಸು ಮೊದಲೇ ಬಂದ. ಇನ್ನೂ ಜಡೆ ಹಾಕಿಸಿಕೊಳ್ಳುತ್ತಿದ್ದ ನನ್ನ ತಲೆಯ ಮೇಲೆ ನಾಲ್ಕು ಅಕ್ಕಿಕಾಳು ಚೆಲ್ಲಿ ಹೊರಟೇಬಿಟ್ಟ. ಅಪ್ಪ ಅಡ್ಡಗಟ್ಟಿದ.

“ಅಣ್ಣಾ, ಇಲ್ಲಿ ಮುಹೂರ್ತ ತಪ್ಪಿದ್ರ ಅಯ್ನಾರು ಇನ್ನೊಂದು ತೆಗೀತಾರ. ಅಲ್ಲಿ ತತ್ತಿ ಯಾರಿಗೂ ಕಾಯಂಗಿಲ್ಲ!” ಎಂದವನೇ ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಬೀಗರ ಮುಂದೆ ನಮ್ಮ ಮಾನ ಹೋಯಿತು. ನನ್ನ ಗಂಡ ಇವತ್ತಿಗೂ “ನಿಮ್ಮ ತತ್ತಿ ಕಾಕಾ ಹ್ಯಾಂಗದಾರ?” ಎಂದೇ ಕೇಳುತ್ತಾನೆ.

ಮೂರು ತಿಂಗಳ ಮೇಲೆ ನಾನು ತವರಿಗೆ ಬಂದಾಗಲೇ ಡಾಕ್ಟರು ಮತ್ತೆ ಬಂದರು. ತಪಾಸಣೆ ಮಾಡಿ, ಕೈ ತೊಳೆಯುತ್ತ “ಗಬ್ಬ ಆಗ್ಯಾದ್ರಿ!” ಎಂದರು.

ಕಾಕಾ ಕುಣಿದಾಡುತ್ತಾನೆ ಎಂದುಕೊಂಡಿದ್ದೆ. ಅವನು ಆಕಳ ಕಡೆಗೂ ನೋಡದೆ ನೆಟ್ಟಗೆ ಅಡುಗೆಮನೆಗೆ ಹೋದ. ಅಲ್ಲಿ ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು.

“ಕೆಂದಿ ಗಬ್ಬ ಆಗ್ಯಾದಂತ. ನಾ ಹೇಳಿದ್ನೋ ಇಲ್ಲೋ, ಮನಿಯವರ ತಪ್ಪಿಲ್ಲಂತ?”

ನಾನು ಅವನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದೆ. ಹುಟ್ಟಿದಾಗಿನಿಂದ ಚಿಗವ್ವನನ್ನು ಯಾರೂ ‘ಗೊಡ್ಡು’ ಅಂದದ್ದನ್ನು ನಾನು ಕೇಳಿಯೇ ಇಲ್ಲ. ಯಾಕೆ ಕೇಳಿಲ್ಲ ಎಂದು ಆಗ ತಿಳಿಯಿತು.

ಚಿಗವ್ವ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು.

“ಸಾಕು ಬಿಡ್ರಿ ಇನ್ನ. ನನ್ನ ಸಲುವಾಗಿ ಊರ ಮಂದಿ ಕಡಿಂದ ಎಷ್ಟಂತ ಸಗಣಿ ಹೊರಸ್ತೀರಿ?”